ಮಲಂಗಸಾಬರ ಅರವಟ್ಟಿಗೆ, ಹೀರಾಬಿಯ ಓದು

ಮಾನ್ವಿಯ ಬಟ್ಟೆ ವ್ಯಾಪಾರಿ ಮಲಂಗಸಾಬರದು ಧಾರಾಳ ಕೈ. ಬೇಸಿಗೆ ಬಂತೆಂದರೆ ದೇವದುರ್ಗದ ಸಂತೆಯ ದಾರಿಯಲ್ಲಿ ಅವರ ಅರವಟ್ಟಿಗೆ ಏಳಲೇಬೇಕು. ಎಂಬತ್ತಮೂರರ ಆ ಬೇಸಿಗೆಯಲ್ಲಿ, ರಾಯಚೂರಿನಲ್ಲಿ ಬಿ.ಎ. ಮುಗಿಸಿದ ಮಗಳು ಹೀರಾಬಿ, ಧಾರವಾಡಕ್ಕೆ ಹೋಗಿ ಸಮಾಜಕಾರ್ಯ ಓದುತ್ತೇನೆ ಎಂದು ಪಟ್ಟು ಹಿಡಿದಳು.

"ಖೈರಾತ್, ದಾನಧರ್ಮ ಮಾಡಾಕ ಡಿಗ್ರಿ ಬೇಕೇನ ಬೇಟಿ? ನಿಮ್ಮಜ್ಜ ಯಾವ ಕಾಲೇಜಿಗೆ ಹೋಗಿದ್ದ?" ಎಂದು ಸಾಬರು ನಕ್ಕರು. "ಶುಕ್ರವಾರ ಕವಿತಾಳದವರಿಗೆ ನಿನ್ನ ಮದುವಿ ಮಾತು ಕೊಡ್ತೀನಿ."

ಹೀರಾಬಿ ಅತ್ತು ಕೂರುವವಳಲ್ಲ. ಅದೇ ಓದು ಓದಿ ದೇವದುರ್ಗದ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಬೂದೆಮ್ಮನನ್ನು ಸಂತೆಯ ದಿನ ಅರವಟ್ಟಿಗೆಗೇ ಕರೆತಂದಳು.

"ನಿಮ್ಮ ನೀರು ಯಾರ್ಯಾರು ಕುಡೀತಾರ್ರೀ?" ಬೂದೆಮ್ಮ ಕೇಳಿದಳು.

"ಎಲ್ಲಾರೂ! ನಾ ಜಾತಿ ಕೇಳಾಂವ ಅಲ್ಲ."

"ಮತ್ತ ಆ ಯಕ್ಕ ಯಾಕ ಹಂಗ ಹೊಂಟಾಳ?"

ಕಟ್ಟಿಗೆ ಹೊರೆ ಹೊತ್ತ ದುರುಗಮ್ಮ ಒಣತುಟಿ ಸವರಿಕೊಳ್ಳುತ್ತ ದಾಟಿ ಹೋಗುತ್ತಿದ್ದಳು. ಸಾಬರು ಕೂಗಿದರು. "ನೀರು ಕುಡದು ಹೋಗ ಬೇ, ಪುಕ್ಕಟೆ ಅದ!"

"ಬ್ಯಾಡ್ರೀ ಯಪ್ಪಾ. ನಿಮ್ಮ ಆಳು ಎಲ್ಲಾರ ಕೈಗೆ ಲೋಟ ಕೊಡ್ತಾನ. ನಮಗ ಬೊಗಸಿ ಒಡ್ಡು ಅಂತ ಮ್ಯಾಲಿಂದ ಸುರೀತಾನ. ಮುಂದ ಹಳ್ಳದಾಗ ಕುಡೀತೀನಿ."

"ಮೊದ್ಲಿಂದ ಹಂಗ ನಡಕೊಂಡು ಬಂದದಲ್ರೀ ಸಾವ್ಕಾರ್ರ," ಎಂದ ಆಳು.

ಮಲಂಗಸಾಬರು ನಾಚಿಕೆಯಿಂದ ಕುಗ್ಗಿಹೋದರು. ಎಷ್ಟೋ ಬೇಸಿಗೆ ಅದು ಅವರ ಕಣ್ಣೆದುರೇ ನಡೆದಿತ್ತು. ತಪ್ಪೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ತಾವೇ ಲೋಟ ತುಂಬಿ ಅವಳ ಕೈಗಿಟ್ಟರು. ದುರುಗಮ್ಮ ಒಂದು ಗಳಿಗೆ ಹಿಂಜರಿದು, ಗಟಗಟನೆ ಕುಡಿದು, ಇನ್ನೊಂದು ಲೋಟ ಕೇಳಿದಳು.

"ಇದು ನಿನಗ ಹೆಂಗ ಗೊತ್ತಾತವ್ವಾ?" ಸಾಬರು ಬೂದೆಮ್ಮನನ್ನು ಕೇಳಿದರು.

"ನಾನೂ ಬೊಗಸಿ ಒಡ್ಡಿದಾಕೀನ ರೀ," ಎಂದಳು ಬೂದೆಮ್ಮ. "ಆದ್ರ ಸಂಕಟ ಗೊತ್ತಿದ್ರಷ್ಟ ಸಾಲದು. ಯಾರನ್ನ ಹೆಂಗ ಕೇಳಬೇಕು, ಮಂದೀನ ಹೆಂಗ ಕೂಡಿಸಬೇಕು, ಸಂಸ್ಥಾ ಹೆಂಗ ನಡಸಬೇಕು, ಅದನ್ನ ಓದಿ ಕಲತೆ. ಪಗಾರನೂ ಬರ್ತದ. ನಮ್ಮವ್ವನ ಮನಿ ಅದರ ಮ್ಯಾಲ ನಡ್ಯಾಕತ್ತದ."

ಸಾಬರು ಮಗಳ ಕಡೆ ತಿರುಗಿದರು. "ಕವಿತಾಳದವರು ತಡೀಲಿ. ಧಾರವಾಡಕ್ಕ ನಾನ ಬಿಟ್ಟು ಬರ್ತೀನಿ." ಈಗ ಹೀರಾಬಿ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗಳೋ ಮಗನೋ ಸಮಾಜಕಾರ್ಯ ಓದುತ್ತೇನೆ ಎಂದರೆ ನಗಬೇಡಿ, ಕಳಿಸಿ. ಕೊಡುವ ಕೈಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ನಿಮಗೇನು ಬೇಕು ಎಂದು ಬಡವರನ್ನು ಕೂತು ಕೇಳುವವರು ಬೇಕಾಗಿದ್ದಾರೆ.