ಮರಳು ತುಂಬಿದ ಕೈಗವಸು

ಟೊರುನ್ ಊರಿನ ಹಳೆಯ ಪೇಟೆಯಲ್ಲಿ ಬೋಗ್ನಾಳ ಫೋಟೋ ಸ್ಟುಡಿಯೋ ಬೋರ್ಡನ್ನು ನೋಡದವರಿಲ್ಲ. ಓಕ್ ಮರದ ದಪ್ಪ ಹಲಗೆ, ಸುತ್ತ ಕಬ್ಬಿಣದ ಪಟ್ಟಿ. ಅವಳಪ್ಪ ಅದನ್ನು ಗೋಡೆಗೇರಿಸಿದ ದಿನ ಇಬ್ಬರು ಗಟ್ಟಿ ಗಂಡಸರು ಏಣಿಯ ಮೇಲೆ ಬೆವರು ಸುರಿಸಿದ್ದರಂತೆ. ಅಂಥ ಬೋರ್ಡನ್ನು ಬೋಗ್ನಾ ಒಂದು ಲೋಟ ಚಹಾ ಮುಗಿಯುವುದರೊಳಗೆ ಪಣಕ್ಕಿಟ್ಟು ಬಂದಿದ್ದಳು. ಐವತ್ತು ದಾಟಿದ್ದರೂ ತನ್ನ ಕೆಲಸದ ಮಾತು ಬಂದರೆ ಅವಳ ಬಾಯಿಗೆ ತಡೆಯಿರಲಿಲ್ಲ.

ಪಣ ಕಟ್ಟಿಸಿಕೊಂಡವಳು ಪಕ್ಕದ ಬೀದಿಯ ಲೂದ್ವಿಕಾ ಅಜ್ಜಿ. ತನ್ನ ಹೆಸರಿನ ಸಂತಳ ದಿನ ಆಚರಿಸುವ ಹೆಸರಿನ ಹಬ್ಬಕ್ಕೆ ಅಜ್ಜಿಗೆ ಒಂದೇ ಒಂದು ಉಡುಗೊರೆ ಬೇಕಾಗಿತ್ತು: ಮೂರೂ ಮಕ್ಕಳು ತನ್ನ ಕುರ್ಚಿಯ ಹಿಂದೆ ನಿಂತಿರುವ ಫೋಟೋ, ಅದರಲ್ಲಿ ದೊಡ್ಡವನ ಕೈ ಚಿಕ್ಕವನ ಹೆಗಲ ಮೇಲಿರಬೇಕು. ಮಗಳು ಹಾಲ್ಕಾ ವಿಯೆನ್ನಾದಲ್ಲಿದ್ದಳು. ದೊಡ್ಡವನು ಕೊನ್ರಾಡ್ ಹ್ಯಾಂಬರ್ಗಿನಲ್ಲಿ ಹಡಗು ಬೆಸೆಯುತ್ತಿದ್ದ. ಚಿಕ್ಕವನು ಯುರೆಕ್ ಲಿಯೋನ್‌ನಲ್ಲಿ ಬ್ರೆಡ್ಡು ಸುಡುತ್ತಿದ್ದ. ಗಂಡುಮಕ್ಕಳಿಬ್ಬರೂ ಅಪ್ಪ ಸತ್ತ ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬ ಕ್ರಿಸ್ಮಸ್‌ಗೆ ಬಂದರೆ ಇನ್ನೊಬ್ಬ ಈಸ್ಟರ್‌ಗೆ ಬರುತ್ತಿದ್ದ. ಅವರನ್ನು ಒಂದು ಕಡೆ ನಿಲ್ಲಿಸುವುದು ತನ್ನಿಂದಾಗದು ಎಂದು ಅಜ್ಜಿ ಕೈಚೆಲ್ಲಿದ್ದಳು. ಅದಕ್ಕೇ ಒಬ್ಬೊಬ್ಬರದೂ ಬೇರೆಬೇರೆ ತೆಗೆದು ಅಂಟಿಸಿಕೊಡು ಎಂದು ಬೋಗ್ನಾಳನ್ನು ಕರೆಸಿದ್ದು.

ಅಜ್ಜಿಯ ಮಂಚದ ಮೇಲ್ಗಡೆ ಅವಳ ಮದುವೆಯ ಮೊನಿದ್ವೊ, ಅಂದರೆ ಬಣ್ಣದ ಜೋಡಿಪಟ, ತೂಗುತ್ತಿತ್ತು. ಆ ಕಾಲದಲ್ಲಿ ಪಟದವರು ಮನೆಮನೆಗೆ ಬಂದು ಗಂಡನದೊಂದು, ಹೆಂಡತಿಯದೊಂದು ಚಿಕ್ಕ ಫೋಟೋ ಇಸಿದುಕೊಂಡು ಹೋಗಿ, ಎರಡನ್ನೂ ಜೋಡಿಸಿ, ದೊಡ್ಡದು ಮಾಡಿ, ಬಣ್ಣ ಹಚ್ಚಿ ತಂದುಕೊಡುತ್ತಿದ್ದರು. ಬೋಗ್ನಾಳ ಅಪ್ಪ ಆ ಕೆಲಸದಲ್ಲಿ ಎತ್ತಿದ ಕೈ. ಸೈನ್ಯದಲ್ಲಿದ್ದ ಗಂಡನನ್ನು ತಂದು ಲೂದ್ವಿಕಾಳ ಪಕ್ಕ ಕೂಡಿಸಿದವನು ಅವನೇ. ಜನ್ಮದಲ್ಲಿ ಟೈ ಕಟ್ಟದ ಆ ಮನುಷ್ಯನ ಕೊರಳಿಗೆ ನೀಲಿ ಟೈ ಬರೆದವನೂ ಅವನೇ.

"ಐವತ್ತು ವರ್ಷ ಅಂಟಿಸಿದ ಗಂಡನ್ನ ನೋಡ್ಕೊಂಡೇ ನಿದ್ದೆ ಮಾಡಿದೀನಿ. ಅಂಟಿಸಿದ್ದು ಯಾವುದು ಅಂತ ಗುರುತು ಹಿಡಿಯೋದ್ರಲ್ಲಿ ನನ್ನ ಮೀರಿಸೋರು ಈ ಊರಲ್ಲಿಲ್ಲ" ಎಂದಳು ಅಜ್ಜಿ.

ಬೋಗ್ನಾಳಿಗೆ ಅದು ಅಪ್ಪನನ್ನು ಚುಚ್ಚಿದಂತಾಯಿತು. "ನಾನು ಅಂಟಿಸ್ಕೊಡ್ತೀನಿ, ಅಜ್ಜಿ. ಎಲ್ಲಿ ಅಂಟಿಸಿದೀನಿ ಅಂತ ನೀವು ತೋರಿಸಿದ್ರೆ ನಮ್ಮಪ್ಪನ ಬೋರ್ಡ್ ಇಳಿಸ್ತೀನಿ" ಎಂದುಬಿಟ್ಟಳು.

ಹೀಗೆ ಪ್ರಯಾಣ ಶುರುವಾಯಿತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂಡಿಸಿ, ಎಡಗಡೆ ಕಿಟಕಿಯ ಬೆಳಕಿನಲ್ಲಿ ಮೊದಲ ಫೋಟೋ ತೆಗೆದಳು. ಇನ್ನು ಮುಂದೆ ಯಾವ ಊರಾದರೂ ಬೆಳಕು ಎಡದಿಂದಲೇ ಬರಬೇಕು. ಕ್ಯಾಮೆರಾ ಅಷ್ಟೇ ದೂರ, ಅಷ್ಟೇ ಎತ್ತರ ಇರಬೇಕು. ಅದಕ್ಕೆ ಅವಳ ಹತ್ತಿರ ಗಂಟು ಹಾಕಿದ ದಾರವೊಂದಿತ್ತು. ಜೊತೆಗೆ ಅಪ್ಪನ ಕಾಲದ ಒಂದು ತೊಗಲಿನ ಕೈಗವಸು, ಅದರ ತುಂಬ ಮರಳು. ಹೆಗಲ ಮೇಲೆ ಕೈಯಿಟ್ಟರೆ ಬಟ್ಟೆ ತಗ್ಗುತ್ತದೆ, ಹೆಗಲು ಚೂರು ಇಳಿಯುತ್ತದೆ. ಆ ತಗ್ಗಿಲ್ಲದೆ ಅಂಟಿಸಿದ ಕೈ ಗಾಳಿಯಲ್ಲಿ ತೇಲುತ್ತದೆ. ಆದ್ದರಿಂದ ಮೊದಲು ಮರಳಿನ ಕೈಯಿಟ್ಟು ಫೋಟೋ ತೆಗೆದು, ಆಮೇಲೆ ಅದರ ಜಾಗಕ್ಕೆ ನಿಜದ ಕೈ ತಂದು ಕೂಡಿಸಬೇಕು.

ವಾರ್ಸಾದಲ್ಲಿ ರೈಲು ಬದಲಿಸಿ ವಿಯೆನ್ನಾ ಸೇರಿದಳು. ಹಾಲ್ಕಾಳದು ಸಲೀಸಾದ ಕೆಲಸ. ಅಡುಗೆಮನೆಯ ಕಿಟಕಿಯೇ ಸಾಕಾಯಿತು. ಗಸಗಸೆ ಕೇಕು ತಿನ್ನಿಸಿ, ಒಂದು ಗಂಟೆ ಅಣ್ಣತಮ್ಮಂದಿರನ್ನು ಬೈದು, ಹಾಲ್ಕಾ ನಗುನಗುತ್ತಾ ಬೀಳ್ಕೊಟ್ಟಳು. ತಾನು ಇಬ್ಬರಿಗೂ ಫೋನಿನಲ್ಲಿ ಬುದ್ಧಿ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೇನೆ, ಇನ್ನು ನೀವುಂಟು ಅವರುಂಟು ಎಂದಳು.

ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಚೀಲದಿಂದ ಕೈಗವಸನ್ನು ಎತ್ತಿ, ತೂಗಿ ನೋಡಿ, ಇದೇನೆಂದು ಕೇಳಿದ.

"ಕೈ" ಎಂದಳು ಬೋಗ್ನಾ.

"ಯಾರದು?"

"ಹ್ಯಾಂಬರ್ಗ್‌ನಲ್ಲಿ ಒಬ್ಬರದು. ಸದ್ಯಕ್ಕೆ ನಾನು ಇಟ್ಕೊಂಡಿದೀನಿ."

ಅವನಿಗೆ ನಗು ಬರಲಿಲ್ಲ. ಹೊಲಿಗೆ ಬಿಚ್ಚಿಸಿ, ಮರಳನ್ನು ತಟ್ಟೆಗೆ ಸುರಿದು, ಯಂತ್ರದೊಳಗೆ ಹಾಯಿಸಿ, ಮತ್ತೆ ತುಂಬಿಕೊಳ್ಳಲು ಬಿಟ್ಟ. ಬೋಗ್ನಾ ಬೆಂಚಿನ ಮೇಲೆ ಕೂತು ಸಾವಧಾನವಾಗಿ ಹೊಲಿದುಕೊಂಡಳು. ಸೂಜಿ ಕೊಟ್ಟವಳು ಪಕ್ಕದಲ್ಲಿ ಕೂತಿದ್ದ ವಿಮಾನದ ಪರಿಚಾರಕಿ.

ಲಿಯೋನ್‌ನಲ್ಲಿ ಯುರೆಕ್ ಬೇಕರಿಯ ಮೇಲಿನ ಕೋಣೆಯಲ್ಲಿದ್ದ. ಉದ್ದನೆಯ ಮನುಷ್ಯ, ಬಾಗಿಲಿಗೆ ತಲೆ ತಗ್ಗಿಸಿಯೇ ಬರುವವನು. ಮೊಣಕೈತನಕ ಹಿಟ್ಟು ಮೆತ್ತಿಕೊಂಡಿದ್ದವನು ಕೈತೊಳೆದು ಒಳ್ಳೆಯ ಅಂಗಿ ಹಾಕಿಕೊಂಡು ಬಂದ. ಚಿಕ್ಕಂದಿನಲ್ಲಿ ಚರ್ಚಿನಲ್ಲಾದ ಅವನ ಮೊದಲ ಪ್ರಸಾದದ ಹಬ್ಬದ ಫೋಟೋ ತೆಗೆದವಳೂ ಬೋಗ್ನಾಳೇ ಆದ್ದರಿಂದ ಸಂಕೋಚವಿರಲಿಲ್ಲ. ಅಂಗಿಯ ಕಾಲರ್ ಒಂದು ಕಡೆ ಸೆಟೆದು ನಿಂತಿತ್ತು. ಸರಿಮಾಡಲು ಬೋಗ್ನಾ ಕೈಚಾಚಿದಳು. ಅವನು ಹಿಂದೆ ಸರಿದ.

"ಅದು ಹಾಗೇ ಇರ್ಲಿ."

ಅವಳು ಒತ್ತಾಯಿಸಲಿಲ್ಲ. ಕೈಗವಸನ್ನು ಅವನ ಹೆಗಲ ಮೇಲಿಟ್ಟಳು. ಯುರೆಕ್ ಓರೆಗಣ್ಣಿನಿಂದ ಅದನ್ನು ನೋಡಿದ.

"ಇದು ಅವನ ಕೈಯಾ?"

"ಸದ್ಯಕ್ಕೆ."

"ಅವನ ಕೈ ಇಷ್ಟು ಹಗುರ ಇರ್ಲಿಲ್ಲ" ಎಂದ.

ಆಮೇಲೆ ಮಾತೆಲ್ಲ ಜಗಳಕ್ಕೆ ಕಾರಣವಾದ ಪಾರಿವಾಳದ ಕಡೆ ಹೋಯಿತು. ಅಪ್ಪನ ಪಂದ್ಯದ ಪಾರಿವಾಳಗಳನ್ನು ಮಾರಿದ್ದು ತಾನೇ, ಹೌದು, ಅಣ್ಣನನ್ನು ಕೇಳದೆ ಮಾರಿದೆ, ಅದೂ ಹೌದು ಎಂದ. ತಾನು ಕೆಲಸ ಸಿಕ್ಕಿ ಹೊರಡಬೇಕಾಗಿತ್ತು. ಅಮ್ಮನಿಗೆ ಮಂಡಿ ನೋವು, ಅಟ್ಟದ ಏಣಿ ಹತ್ತಿ ಕಾಳು ಹಾಕುವವರು ಯಾರು? ಹ್ಯಾಂಬರ್ಗಿನಿಂದ ಫೋನಿನಲ್ಲಿ ಕೂಗಾಡುವುದು ಸುಲಭ. ಬೋಗ್ನಾ ಕೇಳಿಸಿಕೊಳ್ಳುತ್ತಲೇ ಕ್ಯಾಮೆರಾ ಒತ್ತಿದಳು. ಫೋಟೋ ಚೆನ್ನಾಗಿ ಬಂದಿತ್ತು.

ಅಲ್ಲಿಂದ ಪ್ಯಾರಿಸ್, ಕಲೋನ್ ಹಾದು ರೈಲಿನಲ್ಲಿ ಹ್ಯಾಂಬರ್ಗ್. ದಾರಿಯುದ್ದಕ್ಕೂ ಲ್ಯಾಪ್‌ಟಾಪ್ ಮೇಲೆ ಸಂಸಾರ ಕಟ್ಟುತ್ತಾ ಕೂತಳು. ಕುರ್ಚಿಯ ಬಲಕ್ಕೆ ಹಾಲ್ಕಾ ಬಂದು ನಿಂತಳು, ಎಡಕ್ಕೆ ಯುರೆಕ್. ಎದುರು ಸೀಟಿನ ಮುದುಕನೊಬ್ಬ ಕನ್ನಡಕ ಸರಿಮಾಡಿಕೊಂಡು, ಮಗ ಅಮ್ಮನನ್ನೇ ಹೋಲುತ್ತಾನೆ, ಎಲ್ಲರೂ ಸೇರಿದ ಆ ದಿನ ಊಟಕ್ಕೆ ಏನು ಮಾಡಿದ್ದಿರಿ ಎಂದು ವಿಚಾರಿಸಿದ. ಬೋಗ್ನಾ ಒಳಗೊಳಗೇ ಬೀಗಿದಳು. ಇನ್ನೊಂದು ಕೈ ಸಿಕ್ಕಿದರೆ ಮುಗಿಯಿತು, ಬೋರ್ಡಿಗೆ ಈ ಜನ್ಮದಲ್ಲಿ ಭಯವಿಲ್ಲ ಎಂದುಕೊಂಡಳು.

ಕೊನ್ರಾಡ್ ಗಿಡ್ಡನೆಯ ಗಟ್ಟಿ ಆಳು, ಮಾತು ಕಡಿಮೆ. ಅಮ್ಮನಿಗೋಸ್ಕರ ಎಂದು ಮೊದಲೇ ಹೇಳಿಯೇ ನಿಂತ. ಬೋಗ್ನಾ ದಾರ ಹಿಡಿದು ದೂರ ನೋಡಿ, ತಮ್ಮನ ಹೆಗಲ ಮೇಲೆ ಕೈಯಿಟ್ಟ ಹಾಗೆ ಇಡು ಎಂದಳು. ಅವನು ಯೋಚಿಸಲೇ ಇಲ್ಲ. ಕೈ ತಾನಾಗಿ ಹೋಗಿ ಗಾಳಿಯಲ್ಲಿ ಕೂತಿತು. ಬೆರಳುಗಳು ಎಷ್ಟು ಸಹಜವಾಗಿ ಬಾಗಿದ್ದವೆಂದರೆ ಬೋಗ್ನಾಳ ಎದೆ ಹಿಗ್ಗಿತು. ಅವಸರದಿಂದ ಲ್ಯಾಪ್‌ಟಾಪ್ ತೆರೆದು ಜೋಡಿಸಿದಳು.

ಕೈ ಯುರೆಕ್‌ನ ಹೆಗಲಿಗೆ ಮುಟ್ಟಲಿಲ್ಲ. ಒಂದು ಗೇಣು ಕೆಳಗೆ, ತೋಳಿನ ನಡುವೆ ಇತ್ತು.

ದಾರ ಸರಿಯಾಗಿತ್ತು, ಎತ್ತರ ಸರಿಯಾಗಿತ್ತು. ಬೋಗ್ನಾ ಎರಡೆರಡು ಸಲ ನೋಡಿ ಕೊನೆಗೆ ಕೇಳಿದಳು, ಇಬ್ಬರೂ ಹೀಗೆ ನಿಂತು ಕಡೆಯ ಫೋಟೋ ತೆಗೆಸಿಕೊಂಡದ್ದು ಯಾವಾಗ ಎಂದು. ಕೊನ್ರಾಡ್ ಪರದೆಯನ್ನೇ ನೋಡುತ್ತಿದ್ದ. ನಾನು ಹ್ಯಾಂಬರ್ಗಿಗೆ ಹೊರಟ ಬೇಸಿಗೆ, ಅವನಿಗೆ ಹದಿನಾಲ್ಕಿರಬೇಕು ಎಂದ. ಆ ಕೈಗೆ ಗೊತ್ತಿದ್ದದ್ದು ಹದಿನಾಲ್ಕರ ಹೆಗಲು ಮಾತ್ರ.

ಎತ್ತರಕ್ಕೆ ಇಡಿಸಿ ಮತ್ತೆ ತೆಗೆದಳು. ಬೀರುವಿನ ಮೂಲೆಯ ಮೇಲೆ ಇಡಿಸಿದಳು, ನೆರೆಮನೆಯವನನ್ನು ಕರೆಸಿ ಅವನ ಹೆಗಲ ಮೇಲೂ ಇಡಿಸಿದಳು. ಕೈ ಸರಿಯಾದ ಎತ್ತರದಲ್ಲಿತ್ತು, ಆದರೆ ಟಿಕೆಟ್ ಇಲ್ಲದವನನ್ನು ಹಿಡಿದ ಕಂಡಕ್ಟರನ ಕೈಯ ಹಾಗಿತ್ತು. ಅಜ್ಜಿ ಇದನ್ನು ಕನ್ನಡಕವಿಲ್ಲದೆಯೇ ಹಿಡಿದುಹಾಕುತ್ತಾಳೆ. ಬೋಗ್ನಾಳಿಗೆ ಸಿಟ್ಟು ಬಂತು, ಅವನ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ. ಆದರೆ ಯಾವುದು ತನ್ನಿಂದ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

"ನಾಳೆ ಬೆಳಿಗ್ಗೆ ಲಿಯೋನ್‌ಗೆ ವಿಮಾನ ಇದೆ. ಹೆಗಲು ಅಲ್ಲಿದೆ, ಕೈ ಇಲ್ಲಿದೆ. ಕೈ ಮಾತ್ರ ಕಿತ್ಕೊಂಡು ಹೋಗೋಕಾಗಲ್ಲ, ನೀನೂ ಬರಬೇಕಾಗುತ್ತೆ" ಎಂದಳು.

ಕೊನ್ರಾಡ್‌ನ ಮುಖ ಕೆಂಪಾಯಿತು. ಮಾರಿದ ಪಾರಿವಾಳಗಳು ಎಲ್ಲೆಲ್ಲಿಂದಲೋ ಹಾರಿ ವಾಪಸು ಬಂದು, ಮುಚ್ಚಿದ ಗೂಡಿನ ಮೇಲೆ ಮಳೆಯಲ್ಲಿ ಕೂತಿದ್ದವಂತೆ. ಅದನ್ನು ನೋಡಲಾರದೆ ಅಮ್ಮ ಫೋನಿನಲ್ಲಿ ಅತ್ತಿದ್ದಳು. ಅವತ್ತೇ ತಾನು ನಿಶ್ಚಯ ಮಾಡಿದೆ ಎಂದ.

"ಹಕ್ಕಿಗಳಿಗೆ ಗೊತ್ತಿತ್ತು ಮನೆ ಎಲ್ಲಿ ಅಂತ. ಅವನಿಗೆ ಗೊತ್ತಿರ್ಲಿಲ್ಲ. ಅವನ ಹತ್ರ ನಾನು ಮಾತಾಡಲ್ಲ."

"ಮಾತಾಡ್ಬೇಡ. ಮಾತು ಫೋಟೋದಲ್ಲಿ ಬರಲ್ಲ" ಎಂದಳು ಬೋಗ್ನಾ.

ಮಾರನೆಯ ಬೆಳಿಗ್ಗೆ ಕೊನ್ರಾಡ್ ಕ್ಷೌರ ಮಾಡಿಕೊಂಡು ವಿಮಾನ ನಿಲ್ದಾಣದಲ್ಲಿ ಅವಳಿಗಿಂತ ಮೊದಲೇ ನಿಂತಿದ್ದ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತ. ಮೋಡದ ಮೇಲೆ ನೋಡುವಂಥದ್ದೇನೂ ಇರಲಿಲ್ಲ.

ಬೇಕರಿಯ ಮೇಲಿನ ಕೋಣೆಯಲ್ಲಿ ಇಬ್ಬರೂ ಎದುರುಬದುರಾದಾಗ ಬೋಗ್ನಾ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. ಮೊದಲ ಪ್ರಸಾದದ ಹುಡುಗರನ್ನು ಗದರಿಸುತ್ತಿದ್ದ ಅದೇ ದನಿಯಲ್ಲಿ, ಯುರೆಕ್ ಇಲ್ಲಿ, ಕೊನ್ರಾಡ್ ಅವನ ಪಕ್ಕ ಸ್ವಲ್ಪ ಹಿಂದೆ, ಬೆಳಕು ಹೋಗುತ್ತಿದೆ ಎಂದಳು. ಬೆಳಕೇನೂ ಹೋಗುತ್ತಿರಲಿಲ್ಲ. ಇಬ್ಬರೂ ಗೋಡೆಯನ್ನು ನೋಡುತ್ತಾ ನಿಂತರು. ಕೋಣೆಯಲ್ಲಿ ಬ್ರೆಡ್ಡಿನ ಬಿಸಿ ವಾಸನೆ ತುಂಬಿತ್ತು.

ಕೊನ್ರಾಡ್‌ನ ಕೈ ಹಳೆಯ ಎತ್ತರಕ್ಕೇ ಹೋಗಿ ತಮ್ಮನ ತೋಳಿಗೆ ತಗುಲಿತು. ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಮೇಲೇರಿ ಹೆಗಲನ್ನು ಹುಡುಕಿಕೊಂಡಿತು. ಯುರೆಕ್‌ನ ಹೆಗಲು ಇಳಿಯಿತು, ಮರಳಿನ ಕೈಯಡಿ ಇಳಿದದ್ದಕ್ಕಿಂತ ಹೆಚ್ಚು. ಬೋಗ್ನಾ ಕಣ್ಣನ್ನು ಕ್ಯಾಮೆರಾಕ್ಕೆ ಅಂಟಿಸಿ ಕಾದಳು. ಆ ಕೈ ಸುಮ್ಮನಿರಲಿಲ್ಲ. ಸೆಟೆದು ನಿಂತಿದ್ದ ಕಾಲರಿನ ಒಳಗೆ ಹೆಬ್ಬೆರಳು ತೂರಿಸಿ, ಅದನ್ನು ಮಡಿಸಿ ಕೆಳಗೆ ಒತ್ತಿತು. ಅದೇ ಕ್ಷಣ ಬೋಗ್ನಾ ಕ್ಯಾಮೆರಾದ ಗುಂಡಿ ಒತ್ತಿದಳು.

"ಪಾರಿವಾಳ ಅವತ್ತು..." ಎಂದು ಯುರೆಕ್ ಗೋಡೆಗೆ ಹೇಳಿದ.

"ಬಾಯ್ ಮುಚ್ಚು. ಫೋಟೋ ತೆಗೀತಿದಾರೆ" ಎಂದ ಕೊನ್ರಾಡ್. ಅವನ ದನಿ ಒಡೆದಿತ್ತು, ಕೈ ತೆಗೆದಿರಲಿಲ್ಲ.

ಬೋಗ್ನಾಳ ಕಣ್ಣು ಮಂಜಾಯಿತು. ಇನ್ನೆರಡು ಬೇಕೆಂದು ಸುಳ್ಳು ಹೇಳಿ, ಕ್ಯಾಮೆರಾ ಹಾಗೇ ಬಿಟ್ಟು, ಬ್ರೆಡ್ಡು ತರುವ ನೆವದಲ್ಲಿ ಕೆಳಗಿಳಿದುಹೋದಳು. ಮರಳು ತುಂಬಿದ ಕೈಗವಸು ಅವರ ಮೇಜಿನ ಮೇಲೆಯೇ ಉಳಿಯಿತು.

ಹೆಸರಿನ ಹಬ್ಬದ ದಿನ ಬೋಗ್ನಾ ಕಟ್ಟು ಹಾಕಿಸಿದ ಫೋಟೋ ತಂದು ಅಜ್ಜಿಯ ಮಡಿಲಲ್ಲಿಟ್ಟಳು. ಪ್ರಯಾಣದ ಸುದ್ದಿ ಏನನ್ನೂ ಹೇಳಲಿಲ್ಲ. ಅಜ್ಜಿ ಭೂತಗನ್ನಡಿ ಹಿಡಿದು ಒಂದೊಂದೇ ಅಂಗುಲ ಪರೀಕ್ಷೆ ಮಾಡಿದಳು. ಹಾಲ್ಕಾಳ ಪಾದದ ನೆರಳು ನೋಡಿದಳು, ಕುರ್ಚಿಯ ಅಂಚು ನೋಡಿದಳು, ತಪ್ಪು ಸಿಗಲಿಲ್ಲ. ಅಪ್ಪನನ್ನು ಮೀರಿಸಿದ್ದೀ ಎಂದು ಗೊಣಗಿದಳು. ಆಮೇಲೆ ಭೂತಗನ್ನಡಿ ಗಂಡುಮಕ್ಕಳ ಕಡೆ ಸರಿಯಿತು. ಅಜ್ಜಿಯ ಬೆರಳು ತಟ್ಟನೆ ಕೊನ್ರಾಡ್‌ನ ಕೈಯ ಮೇಲೆ ಬಿತ್ತು.

"ಸಿಕ್ತು. ಇದು ಅಂಟಿಸಿದ್ದು. ಅವರಿಬ್ರು ಹೀಗೆ ನಿಲ್ಲೋ ಜನ ಅಲ್ಲ. ಬೋರ್ಡ್ ಇಳಿಸು."

"ಕಾಲರ್ ನೋಡಿ, ಅಜ್ಜಿ" ಎಂದಳು ಬೋಗ್ನಾ.

ಅಜ್ಜಿ ಬಾಗಿದಳು. ತುಂಬ ಹೊತ್ತು ಬಾಗಿಯೇ ಇದ್ದಳು.

"ಹೆಬ್ಬೆರಳು ಒಳಗಿದೆ. ಯುರೆಕ್ ಚಿಕ್ಕವನಿದ್ದಾಗ್ಲೂ ಫೋಟೋ ತೆಗೆಸೋಕೆ ಮುಂಚೆ ಕೊನ್ರಾಡ್ ಅವನ ಕಾಲರ್ ಹೀಗೇ ಮಡಿಸ್ತಿದ್ದ. ಇದನ್ನ ನಿಂಗೆ ಯಾರು ಹೇಳಿದ್ರು?"

ಯಾರೂ ಹೇಳಲಿಲ್ಲ ಎಂದಳು ಬೋಗ್ನಾ. ಅಜ್ಜಿ ಭೂತಗನ್ನಡಿಯನ್ನು ಕೆಳಗಿಟ್ಟಳು. ಕಣ್ಣೀರು ಸುಕ್ಕುಗಳಲ್ಲಿ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ. ಆದರೂ ಪಣ ಬಿಟ್ಟುಕೊಡುವ ಮುದುಕಿಯಲ್ಲ ಅವಳು.

"ಹಾಗಾದ್ರೂ ನೀನೇ ಸೋತಿದ್ದು. ಅಂಟಿಸ್ಕೊಡ್ತೀನಿ ಅಂದಿದ್ದೆ. ಇದು ಅಂಟಿಸಿದ್ದಲ್ಲ. ಬೋರ್ಡ್ ಇಳಿಸ್ಲೇಬೇಕು."

ಬೋಗ್ನಾ ಎದ್ದು ಕೋಟು ಹಾಕಿಕೊಂಡಳು.

"ಇಳಿಸೋಣ, ಅಜ್ಜಿ. ಆದ್ರೆ ಅದು ತುಂಬ ಭಾರ, ಇಬ್ಬರು ಗಂಡಸರು ಬೇಕು. ಕ್ರಿಸ್ಮಸ್‌ಗೆ ಇಬ್ಬರೂ ಒಟ್ಟಿಗೆ ಬರ್ತಿದಾರೆ, ಟಿಕೆಟ್ ಆಗ್ಲೇ ತಗೊಂಡಿದಾರೆ. ಅವರನ್ನೇ ಕಳಿಸಿ."