ಹನ್ನೆರಡನೇ ಹೆಸರು

ನನಗೆ ಬಾಯಿ ಜಾಸ್ತಿ. ಮತ್ತಿಕೆರೆಯ ಬೇಕರಿಯೊಂದರ ಮೇಲೆ ಹತ್ತು ಕಂಪ್ಯೂಟರ್ ಇಟ್ಟುಕೊಂಡು, ವೆಬ್‌ಸೈಟ್ ಕಟ್ಟುವ ಪಿಎಚ್‌ಪಿ ಭಾಷೆ ಕಲಿಸುತ್ತಿದ್ದ ಕಾಲದಲ್ಲಿ ಅದನ್ನೇ ವಿದ್ಯೆ ಎಂದುಕೊಂಡಿದ್ದೆ. ಹುಡುಗರು ನಕ್ಕರೆ ಪಾಠ ಚೆನ್ನಾಗಾಯಿತು ಅಂತ ನನ್ನ ಲೆಕ್ಕ.

ಎರಡು ಸಾವಿರದ ಹನ್ನೊಂದರ ಜೂನ್. ಲೈಬಾ ಎಂಬ ಆರ್.ಟಿ. ನಗರದ ಹುಡುಗಿ, ತರಗತಿಯಲ್ಲಿ ಬಾಯಿ ಬಿಡದವಳು, ಒಂದು ದಿನ ಕೈಯೆತ್ತಿದಳು. ಕೆಲಸ ಮುಗಿದ ವೇರಿಯಬಲ್ಲನ್ನು, ಅಂದರೆ ಕೋಡಿನಲ್ಲಿ ಮಾಹಿತಿ ಹಿಡಿದಿಡುವ ಹೆಸರನ್ನು, ಅನ್‌ಸೆಟ್ ಮಾಡಿ ಅಳಿಸಬೇಡವೇ ಸರ್ ಎಂದು ಕೇಳಿದಳು. ನಾನು ಬೋರ್ಡಿನ ಮೇಲೆ ಬರೆದಿದ್ದರಲ್ಲಿ ಆ ಸಾಲು ಇರಲಿಲ್ಲ. ಎಲ್ಲರ ಎದುರು ನನ್ನ ತಪ್ಪು ಹಿಡಿಯುತ್ತಿದ್ದಾಳೆ ಅನ್ನಿಸಿ ಪಿತ್ತ ನೆತ್ತಿಗೇರಿತು.

"ಪೇಜ್ ಬಂದ್ಮೇಲೆ ಎಲ್ಲ ತಾನೇ ಹೋಗುತ್ತೆ ಕಣಮ್ಮ," ಎಂದೆ. "ಊಟ ಆದ್ಮೇಲೆ ಬಾಳೆ ಎಲೆ ಎಸೀತಾರೋ, ತೊಳೆದು ಎತ್ತಿಡ್ತಾರೋ?"

ತರಗತಿಯೆಲ್ಲ ನಕ್ಕಿತು. ಲೈಬಾ ತಲೆ ತಗ್ಗಿಸಿದಳು.

ಅದೇ ವಾರ ಯಲಹಂಕದ ಒಂದು ಟ್ರಸ್ಟಿಗೆ ನಾನು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಪಿಯುಸಿ ಓದುವ ಹಳ್ಳಿಯ ಹೆಣ್ಣುಮಕ್ಕಳಿಗೆ ಅವರದೊಂದು ಉಚಿತ ಹಾಸ್ಟೆಲ್ ಇತ್ತು. ಇದ್ದದ್ದು ಹನ್ನೆರಡೇ ಸೀಟು. ಆಯ್ಕೆಯಾದವರ ಹೆಸರು ಸೈಟಿನಲ್ಲಿ ಮಾತ್ರ ಬರುತ್ತಿತ್ತು, ಮನೆಗೆ ಕಾಗದ ಹೋಗುತ್ತಿರಲಿಲ್ಲ. ಶನಿವಾರದೊಳಗೆ ಬಂದು ಸೇರದಿದ್ದವರ ಸೀಟು ಬೇರೆಯವರಿಗೆ.

ನಮ್ಮ ಸೆಂಟರಿನಲ್ಲಿ ಕಸ ಗುಡಿಸುತ್ತಿದ್ದ ಮುನಿಕೆಂಪಮ್ಮ ದಿನಾ ಬೆಳಿಗ್ಗೆ ಹುಣಸಮಾರನಹಳ್ಳಿಯಿಂದ ಬಸ್ಸು ಹಿಡಿದು ಬರುತ್ತಿದ್ದಳು. ಮಗಳು ರಾಧಾಮಣಿ ಆ ಸೀಟಿಗೆ ಅರ್ಜಿ ಹಾಕಿದ್ದಳು. ಸಿಕ್ಕರೆ ಓದು, ಇಲ್ಲದಿದ್ದರೆ ಗಾರ್ಮೆಂಟ್ಸು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸೋಮವಾರ ಪೊರಕೆ ಹಿಡಿದುಕೊಂಡೇ ಬಂದು, ಹೆಸರು ಇದೆಯಾ ನೋಡಿ ಎಂದು ಕೇಳಿದಳು.

ನೋಡಿದೆ. ಹನ್ನೊಂದನೆಯವಳು ತೇಜಸ್ವಿನಿ, ಹನ್ನೆರಡನೆಯವಳೂ ತೇಜಸ್ವಿನಿ. ಈ ಊರಿನಲ್ಲಿ ತೇಜಸ್ವಿನಿಯರಿಗೇನು ಬರವೇ ಎಂದುಕೊಂಡೆ. ಇಲ್ಲ ಎಂದೆ. ಇನ್ನೊಂದು ಸಲ ನೋಡಿ ಎಂದು ಅಂಗಲಾಚಿದಳು.

"ಕಂಪ್ಯೂಟರ್ ಸುಳ್ಳು ಹೇಳಲ್ಲ ಮುನಿಕೆಂಪಮ್ಮ. ಹುಡುಗಿ ಇನ್ನೊಂಚೂರು ಓದ್ಬೇಕಿತ್ತು."

ಇಷ್ಟು ಹೇಳದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಅವಳು ಉಳಿದ ಕಸ ಗುಡಿಸಿ ಹೋದಳು.

ಗುರುವಾರ ತರಗತಿ ಬಿಟ್ಟ ಮೇಲೆ ಲೈಬಾ ನನ್ನ ಮೇಜಿನ ಹತ್ತಿರ ಬಂದಳು. ನಾನು ಮಾಡಿದ್ದೆಂದು ಟ್ರಸ್ಟಿನ ಸೈಟು ನೋಡಿದಳಂತೆ. ಇಬ್ಬರು ತೇಜಸ್ವಿನಿಯರಿಗೂ ತಂದೆ ಮುರಿಗೆಪ್ಪನೇ, ಅಂಕವೂ ಒಂದೇ, ಹೇಗೆ ಸರ್ ಎಂದು ಮೆಲ್ಲಗೆ ಕೇಳಿದಳು.

ಕೋಡ್ ತೆರೆದೆ. ನಾನು ಆ ಪಟ್ಟಿಯ ಮೇಲೆ ಎರಡು ಸುತ್ತು ಹಾಕಿದ್ದೆ. ಮೊದಲನೆಯದು ಹೆಸರುಗಳನ್ನು ಸರಿಪಡಿಸಲು, ಎರಡನೆಯದು ತೆರೆಯ ಮೇಲೆ ಬರೆಯಲು. ಎರಡಕ್ಕೂ ಒಂದೇ ವೇರಿಯಬಲ್. ಮೊದಲ ಸುತ್ತು ಮುಗಿದಾಗ ಅದು ಕೊನೆಯ ಹೆಸರಿಗೆ ಅಂಟಿಕೊಂಡೇ ಇತ್ತು. ಅದನ್ನು ಅನ್‌ಸೆಟ್ ಮಾಡದೆ ಎರಡನೇ ಸುತ್ತು ಹೊರಟಿದ್ದರಿಂದ ಪ್ರತಿ ಹೆಸರೂ ಆ ಕೊನೆಯ ಜಾಗದ ಮೇಲೆ ಬರೆದುಕೊಳ್ಳುತ್ತಾ ಹೋಗಿ, ಕೊನೆಯವಳ ಜಾಗದಲ್ಲಿ ಅವಳ ಹಿಂದಿನವಳು ಬಂದು ಕೂತಿದ್ದಳು. ಬಾಳೆ ಎಲೆಯ ಮಾತಾಡಿದ್ದ ನಾನೇ, ಮೊದಲ ಪಂಕ್ತಿಯ ಎಂಜಲೆಲೆ ತೆಗೆಯದೆ ಎರಡನೇ ಪಂಕ್ತಿಗೆ ಬಡಿಸಿದ್ದೆ.

ಅನ್‌ಸೆಟ್ ಮಾಡುವ ಆ ಒಂದು ಸಾಲು ಸೇರಿಸಿದೆ. ಪಟ್ಟಿ ಸರಿಯಾಯಿತು. ಹನ್ನೆರಡು: ರಾಧಾಮಣಿ, ಹುಣಸಮಾರನಹಳ್ಳಿ.

ನಾನು ಅವತ್ತೇ ಹೇಳಿದ್ದೆನಲ್ಲ ಎಂದು ಲೈಬಾ ಅನ್ನಲಿಲ್ಲ. ಅಂದಿದ್ದರೆ ರೇಗಿಕೊಂಡಾದರೂ ಹಗುರಾಗುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಮುನಿಕೆಂಪಮ್ಮನಿಗೆ ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಬಂದದ್ದು ಬೇರೆ. ಟ್ರಸ್ಟಿನವರು ಎರಡನೇ ಲಿಸ್ಟ್ ಬಿಟ್ಟಿದ್ದಾರೆ, ಅದರಲ್ಲಿ ಹೆಸರಿದೆ, ನಾಳೆಯೇ ಕರೆದುಕೊಂಡು ಹೋಗು ಎಂದುಬಿಟ್ಟೆ. ಸುಳ್ಳು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಅವಳು ಕೈ ಮುಗಿದಳು.

ಮುಂದಿನ ಸೋಮವಾರ ಅವಳು ತರಗತಿ ಶುರುವಾಗುವ ತನಕ ಕಾದಿದ್ದು, ಸ್ಟೀಲ್ ಡಬ್ಬಿಯ ತುಂಬ ಹಲಸಿನ ತೊಳೆ ತಂದು ನನ್ನ ಮುಂದಿಟ್ಟಳು. ಹುಡುಗರ ಕಡೆ ತಿರುಗಿದಳು.

"ನಮ್ ಸಾ ದೊಡ್ಡೋರ್ ಅತ್ರ ಮಾತಾಡಿ ನನ್ ಮಗಳ್ಗೆ ಸೀಟು ಕೊಡ್ಸವ್ರೆ."

ಹುಡುಗರು ಚಪ್ಪಾಳೆ ತಟ್ಟಿದರು. ನಾನು ಒಂದು ತೊಳೆ ಬಾಯಿಗಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಏನೂ ಅಂದಿರಲಿಲ್ಲ, ಆದರೂ ನನ್ನ ಕಣ್ಣು ಲೈಬಾ ಕಡೆಗೇ ಹೋಯಿತು. ಅವಳು ಕೀಬೋರ್ಡ್ ನೋಡುತ್ತಾ ಕೂತಿದ್ದಳು. ನನ್ನ ಮಾನ ಉಳಿಸಲೆಂದೇ ಅವಳು ತಲೆ ಎತ್ತುತ್ತಿಲ್ಲ ಎಂದು ಗೊತ್ತಾದಾಗ, ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಎರಡನೇ ಲಿಸ್ಟ್ ಅನ್ನುವುದೇ ಇರಲಿಲ್ಲ, ಹೆಸರು ಮೊದಲಿಂದಲೂ ಇತ್ತು, ಅದನ್ನು ಅಳಿಸಿದ್ದು ನನ್ನ ತಪ್ಪು, ಆ ತಪ್ಪು ಹಿಡಿದವಳು ಲೈಬಾ.

ಮುನಿಕೆಂಪಮ್ಮ ಹುಡುಗರನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಆವತ್ತು ನೀವು ಅಂಗಂದ್ರಲ್ಲ ಸಾ, ಓದ್ಬೇಕಿತ್ತು ಅಂತ," ಎಂದಳು. "ಮನೆಗೋಗಿ ಪೊರಕೇಲಿ ಒಡ್ದೆ ಅವಳ್ಗೆ. ಒಡಿಸ್ಕಂಡು ಒಡಿಸ್ಕಂಡು, ಓದಿವ್ನಿ ಕಣವ್ವ ಅಂತಾನೇ ಇದ್ಲು."

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಆಸ್ಟೆಲ್ಗೆ ಓಗೋವಾಗ್ಲೂ ನನ್ನ ಮಾತಾಡಿಸ್ಲಿಲ್ಲ. ನೀವೇ ಓಗಿ ಯೋಳಿ ಅವಳ್ಗೆ."

ಅವತ್ತು ಸಂಜೆ ಯಲಹಂಕದ ಬಸ್ಸು ಹತ್ತಿದೆ. ಹಾಸ್ಟೆಲ್ಲಿನ ಗೇಟಿಗೆ ರಾಧಾಮಣಿ ಬಂದಳು. ತೆಳ್ಳಗಿನ ಹುಡುಗಿ, ನಾನು ಯಾರೆಂದು ಗೊತ್ತಾಗಿ ಗೌರವದಿಂದ ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ.

"ನೀನು ಓದಿದ್ದೆ ಕಣಮ್ಮ," ಎಂದೆ. "ನಿನ್ನ ಹೆಸರು ಮೊದಲಿಂದಲೂ ಇತ್ತು. ನಾನೇ ಕೆಡಿಸಿದ್ದು."

ಅವಳು ಕೇಳಿದ್ದು ಒಂದೇ.

"ಅವ್ವಂಗೆ ಯೋಳಿದ್ರಾ?"

ಹೇಳಿದೆ ಎಂದೆ. ಹಾಗಾದರೆ ಭಾನುವಾರ ಊರಿಗೆ ಹೋಗುತ್ತೇನೆ ಅಂದಳು. ಗೇಟಿನ ಕಂಬಿ ಹಿಡಿದಿದ್ದ ಅವಳ ಮುಂಗೈ ಮೇಲೆ ಪೊರಕೆಕಡ್ಡಿಯ ಗೀರುಗಳು ಒಣಗಿ ಕಪ್ಪಾಗಿದ್ದವು. ನಾನು ನೋಡುತ್ತಿರುವುದು ಕಂಡು ದುಪಟ್ಟಾ ಎಳೆದು ಮುಚ್ಚಿಕೊಂಡಳು, ನಾಚಿಕೆಪಡಬೇಕಾದವಳು ತಾನೇ ಎಂಬಂತೆ.