ಬಲಗೈ ಎತ್ತತಕ್ಕದ್ದು

ಗೋಡೆಯ ಮೇಲೆ ಮೊದಲು ಮೂಡಿದ್ದು ಮೂಗು. ಆಮೇಲೆ ಅರ್ಧ ಕನ್ನಡಕ, ಸೀಲಿಂಗ್ ಫ್ಯಾನು, ಕೊನೆಗೆ ಇಡೀ ಟೈಲರಕ್ಕ. ಹೊಲಿಗೆ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಹದಿನಾಲ್ಕು ದಿನವಾಗಿತ್ತು. ಬಲಗೈಗೆ ಬೆರಳ ಬುಡದಿಂದ ಮೊಣಕೈ ಮೇಲಿನವರೆಗೆ ಪ್ಲಾಸ್ಟರು. ಅದನ್ನು ಕುತ್ತಿಗೆಗೆ ತೂಗುಹಾಕಿದ್ದ ಹೂವಿನ ಬಟ್ಟೆಗೆ ಎಡಗೈಯಲ್ಲೇ ಅಂಚು ಹೊಲಿದುಕೊಂಡಿದ್ದಳು.

“ಕಾಣ್ತಿದೀನಾ ಅಣ್ಣಾ?”

“ಕಾಣ್ತಿದೀರಮ್ಮ. ಫೋನನ್ನ ಏನಕ್ಕಾದ್ರೂ ಒರಗಿಸಿ ಇಡಿ, ಸ್ವಲ್ಪ ಹಿಂದಕ್ಕೆ ಕೂತ್ಕೊಳ್ಳಿ” ಎಂದ ಗುಮಾಸ್ತ.

ಪಟ್ಟಣ ಪಂಚಾಯಿತಿಗೆ ಹನ್ನೊಂದು ಜನ ಸದಸ್ಯರು. ಹತ್ತು ಜನ ಕುರ್ಚಿಯಲ್ಲಿ, ಒಬ್ಬಳು ಗೋಡೆಯಲ್ಲಿ. ಹೀಗೆ ವಿಡಿಯೋ ಕರೆಯಲ್ಲಿ, ಗೋಡೆಯ ಮೇಲೆ ಹಾಜರಾಗುವವರಿಗೆ ನಿಯಮ ಮಾಡಿ ಎಂದು ಮೇಲಿನ ಕಚೇರಿಯಿಂದ ಸುತ್ತೋಲೆ ಬಂದಾಗ, ಕರಡು ಬರೆಯುವ ಕೆಲಸ ಗುಮಾಸ್ತನ ತಲೆಗೇ ಬಂದಿತ್ತು. ಸುತ್ತೋಲೆ ಸುತ್ತಿ ಸುತ್ತಿ ಹೇಳಿದ್ದನ್ನು ಅವನು ಒಂಬತ್ತು ಸಾಲಿಗೆ ಇಳಿಸಿದ್ದ. ಮುಖ ಕಾಣತಕ್ಕದ್ದು. ದನಿ ಕೇಳತಕ್ಕದ್ದು. ಪಕ್ಕದಲ್ಲಿ ಕೂತು ಯಾರೂ ಹೇಳಿಕೊಡತಕ್ಕದ್ದಲ್ಲ. ಏಳನೆಯದು: ಮತದಾನದ ಸಮಯದಲ್ಲಿ ಬಲಗೈ ಎತ್ತತಕ್ಕದ್ದು.

ಸುತ್ತೋಲೆಯಲ್ಲಿ ಬರೀ ‘ಕೈ’ ಎಂದಿತ್ತು. ‘ಬಲ’ ಗುಮಾಸ್ತನ ಸ್ವಂತ ಕೊಡುಗೆ. ಹಿಂದೊಮ್ಮೆ ಮತದ ಹೊತ್ತಿಗೆ ಸರಿಯಾಗಿ ಒಬ್ಬ ಸದಸ್ಯರು ನಿದ್ದೆಯಿಂದೆದ್ದು, ಎರಡೂ ಕೈ ಮೇಲೆತ್ತಿ ಮೈ ಮುರಿದಿದ್ದರು. ಕೈ ಎಣಿಸುತ್ತಿದ್ದ ಗುಮಾಸ್ತ ಎರಡನ್ನೂ ಬರೆದುಕೊಂಡಿದ್ದ. ಹನ್ನೊಂದು ಜನರ ಸಭೆಯಲ್ಲಿ ಹನ್ನೆರಡು ಮತ ಬಿದ್ದು, ನೀರಿನ ಟ್ಯಾಂಕಿಗೆ ಹಸಿರು ಬಣ್ಣ ಬಳಿಯುವ ನಿರ್ಣಯ ಪಾಸಾಗಿತ್ತು. ಅಂದಿನಿಂದ ಅವನ ಲೆಕ್ಕದಲ್ಲಿ ಮನುಷ್ಯನಿಗೆ ಕೈ ಒಂದೇ, ಅದೂ ಬಲದ್ದೇ.

ಇವತ್ತಿನ ಮೊದಲ ವಿಷಯ, ಮಾರುಕಟ್ಟೆಯ ಹೆಂಗಸರ ಶೌಚಾಲಯ ಕೆಡವಿ ಅಲ್ಲಿ ವಾಹನ ನಿಲುಗಡೆ ಮಾಡುವುದು. ಗುಮಾಸ್ತನ ಅಕ್ಕ ಅದೇ ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಿದ್ದಳು. ಶೌಚಾಲಯ ಕಟ್ಟುವ ಮುಂಚೆ, ಬೆಳಿಗ್ಗೆ ಐದಕ್ಕೆ ಬುಟ್ಟಿ ಇಳಿಸಿದವಳು ಮಧ್ಯಾಹ್ನ ಎರಡರವರೆಗೆ ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗವಿರಲಿಲ್ಲ. ಹಾಗೆ ಮಾಡಿ ಮಾಡಿ ಎರಡು ಸಲ ಆಸ್ಪತ್ರೆ ಸೇರಿದ್ದಳು.

“ಏನೋ, ನಮ್ಮ ಬಾಗಿಲು ಮುಚ್ಚಿಸ್ತೀರಂತೆ?” ಎಂದು ನಿನ್ನೆ ಕೇಳಿದ್ದಳು.

“ನಾನು ಬರಿಯೋನಕ್ಕಾ, ಮಾಡೋನಲ್ಲ.”

“ಹೌದು ಬಿಡು. ನೀನು ಬರೀ ಬರಿಯೋನು.”

ಸಭೆಯಲ್ಲಿ ಅಧ್ಯಕ್ಷರು ನಿಲುಗಡೆಯ ನಕ್ಷೆ ಬಿಡಿಸಿ, ಒಟ್ಟು ಹದಿನೆಂಟು ಕಾರು ಹಿಡಿಯುತ್ತವೆ ಎಂದರು. ಗೋಡೆ ಮಾತಾಡಿತು.

“ಅಧ್ಯಕ್ಷರೇ, ಕಾರು ನಿಲ್ಲೋಕೆ ಜಾಗ ಬೇಕು ಅಂತ ಹೆಂಗಸ್ರು ಕೂರೋ ಜಾಗ ಕೆಡವ್ತೀರಾ?”

“ವಿಷಯಕ್ಕೆ ಬನ್ನಿ ಟೈಲರಕ್ಕ.”

“ವಿಷಯದಲ್ಲೇ ಇದೀನಿ ಸಾರ್. ನೀವು ಒಂದಿನ ಬೆಳಿಗ್ಗೆ ಐದರಿಂದ ತಡ್ಕೊಂಡು ಕೂತು ನೋಡಿ. ನೀವೂ ವಿಷಯಕ್ಕೆ ಬೇಗ ಬರ್ತೀರಿ.”

ನಗು ತಡೆಯಲಾಗದ ಇಬ್ಬರು ಕೆಮ್ಮಿದರು. ಅಧ್ಯಕ್ಷರು ಮತಕ್ಕೆ ಹಾಕಿದರು. ಕೆಡವುವುದರ ಪರ ಅಧ್ಯಕ್ಷರದ್ದೂ ಸೇರಿ ಐದು ಕೈ. ವಿರೋಧ ಯಾರ್ಯಾರು ಎಂದಾಗ ಕುರ್ಚಿಗಳಿಂದ ಐದು ಎದ್ದವು. ಗೋಡೆಯ ಮೇಲೆ ಟೈಲರಕ್ಕನ ಎಡಗೈ ಎದ್ದಿತು.

“ಆಕ್ಷೇಪಣೆ!” ಎಂದು ಎದ್ದವರು ಒಬ್ಬ ನಿವೃತ್ತ ಮೇಷ್ಟ್ರು. ನಿಯಮದೊಳಗೆ ಇನ್ನೊಂದು ನಿಯಮ ಹುಡುಕುವ ಚಟಕ್ಕೆ ಊರು ಅವರನ್ನು ಉಪನಿಯಮ ಎಂದು ಕರೆಯುತ್ತಿತ್ತು. “ಅದು ಎಡಗೈ. ಲೆಕ್ಕಕ್ಕಿಲ್ಲ.”

“ಬಲಗಡೆನೇ ಕಾಣ್ತಿದೆಯಲ್ಲಾ ಮೇಷ್ಟ್ರೇ?” ಎಂದಳು ಪುಸ್ತಕದಂಗಡಿಯ ಸದಸ್ಯೆ.

“ನಮ್ಮ ಬಲಕ್ಕೆ ಕಂಡ್ರೆ ಅವರದ್ದು ಎಡ. ಎದುರಿಗೆ ಕೂತವರದ್ದೆಲ್ಲಾ ಉಲ್ಟಾನೇ ಇರುತ್ತಮ್ಮ.”

“ಅದು ನಿಜ. ನಿಮ್ಮೆದುರು ಕೂತು ಮೂರು ವರ್ಷ ಆಯ್ತು.”

“ಸಾಕು, ಸಾಕು. ಗುಮಾಸ್ತ್ರೇ, ನಿಯಮ ಓದಿ” ಎಂದರು ಅಧ್ಯಕ್ಷರು.

ಗುಮಾಸ್ತ ಹಾಳೆ ಹಿಡಿದು ನಿಂತ. ‘ಬಲ’, ಎರಡೇ ಅಕ್ಷರ. ಕೆಮ್ಮು ಬಂದವನಂತೆ ನುಂಗಿಬಿಡಬಹುದಿತ್ತು. ಆದರೆ ಇಪ್ಪತ್ತೆರಡು ವರ್ಷ ಇದ್ದದ್ದನ್ನು ಇದ್ದ ಹಾಗೆ ಓದಿದ ಬಾಯಿ ಅದು. “ಬಲಗೈ ಎತ್ತತಕ್ಕದ್ದು” ಎಂದು ಓದಿತು.

“ಅಲ್ಲಿಗೆ ಐದು, ಐದು” ಎಂದರು ಅಧ್ಯಕ್ಷರು. “ಸಮ ಬಂದ್ರೆ ನನ್ನದು ಇನ್ನೊಂದು ಮತ. ಆದ್ದರಿಂದ...”

ಗುಮಾಸ್ತ ಇನ್ನೂ ಕೂತಿರಲಿಲ್ಲ. ಅವನ ಕಣ್ಣು ಹಾಳೆಯ ಮೇಲೇ ಇತ್ತು.

“ಸಾರ್, ಇನ್ನೊಂದ್ಸಲ ಓದ್ಲಾ?”

“ಓದಿದ್ದು ಆಯ್ತಲ್ರೀ.”

“ನನಗೇ ಈಗ ಅರ್ಥ ಆಗಿದ್ದು ಸಾರ್. ಬಲಗೈ ಎತ್ತಬೇಕು ಅಂತಿದೆ. ಅದು ತಾನಾಗೇ ಏಳಬೇಕು ಅಂತ ಇಲ್ಲ.”

ಹತ್ತೂ ತಲೆಗಳು ಗುಮಾಸ್ತನ ಕಡೆ ತಿರುಗಿದವು. ಚರ್ಚೆಯ ನಡುವೆ ಈ ಮನುಷ್ಯನ ದನಿಯನ್ನು ನಿಯಮ ಓದುವಾಗ ಬಿಟ್ಟು ಬೇರೆ ಯಾವಾಗಲೂ ಯಾರೂ ಕೇಳಿರಲಿಲ್ಲ.

“ನಿಮ್ಮನ್ನ ಯಾರ್ರೀ ಕೇಳಿದ್ರು? ನಿಮ್ಮ ಕೆಲಸ ಬರಿಯೋದು.”

“ಹೌದು ಸಾರ್” ಎಂದ ಗುಮಾಸ್ತ. “ಇದನ್ನ ಬರೆದವನೂ ನಾನೇ.”

ಅಧ್ಯಕ್ಷರು ಉಪನಿಯಮರ ಕಡೆ ತಿರುಗಿದರು. ಉಪನಿಯಮರು ತಮ್ಮ ಪ್ರತಿಯನ್ನು ಮೂಗಿನ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದರು. ಅವರು ಕೆಡವುವವರ ಕಡೆಯವರೇ. ಆದರೆ ಅಕ್ಷರದ ವಿರುದ್ಧ ಹೋದವರಲ್ಲ. ಹಲ್ಲು ನೋವಿನವರಂತೆ ಮುಖ ಕಿವುಚಿ, “ಪದ ಹಿಡಿದು ನೋಡಿದ್ರೆ... ಹೌದು. ಯಾರು ಎತ್ತಬೇಕು, ಯಾವುದರಿಂದ ಎತ್ತಬೇಕು ಅಂತ ಇದರಲ್ಲಿಲ್ಲ” ಎಂದರು.

“ಮೇಷ್ಟ್ರೇ!” ಎಂದರು ಅಧ್ಯಕ್ಷರು.

“ಇಲ್ಲದ್ದನ್ನ ಎಲ್ಲಿಂದ ತರ್ಲಿ ಸಾರ್?”

“ಕೇಳಿಸ್ತು ಅಣ್ಣಾ” ಎಂದಿತು ಗೋಡೆ.

ಟೈಲರಕ್ಕ ಜೋಳಿಗೆಯಿಂದ ಪ್ಲಾಸ್ಟರನ್ನು ಬಿಡಿಸಿಕೊಂಡಳು. ತಿಂಗಳೊಪ್ಪತ್ತು ಎದೆಯಿಂದ ಮೇಲೆತ್ತಬೇಡಿ ಎಂದು ಡಾಕ್ಟರು ಹೇಳಿದ್ದ ಕೈ. ಅದರ ಮೊಣಕೈ ಕೆಳಗೆ ಎಡಗೈ ಕೊಟ್ಟು, ಕೆಳತುಟಿ ಕಚ್ಚಿ, ತುಂಬಿದ ಕೊಡ ಎತ್ತುವವಳಂತೆ ಎತ್ತತೊಡಗಿದಳು. ಬಿಳಿ ಪ್ಲಾಸ್ಟರು ಗಲ್ಲ ದಾಟಿತು, ಕನ್ನಡಕ ದಾಟಿತು. ಹಣೆಯ ಹತ್ತಿರ ಒಮ್ಮೆ ನಿಂತಿತು. ಆಕೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಮತ್ತೆ ಏರಿ ನೆತ್ತಿ ದಾಟಿತು.

ಕುರ್ಚಿಗಳ ಐದು ಕೈ ಮತ್ತೆ ಎದ್ದವು. ಗುಮಾಸ್ತ ಬಾಗಿಲ ಕಡೆಯ ಕುರ್ಚಿಯಿಂದ ಶುರುಮಾಡಿ, ಪ್ರತಿ ಕೈಗೂ ಪೆನ್ನು ತೋರಿಸುತ್ತಾ ಎಣಿಸಿದ. ಐದಾದ ಮೇಲೆ ಪೆನ್ನು ಗೋಡೆಯ ಕಡೆ ತಿರುಗಿತು.

“ಆರು.”

ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಹೇಳಿದ್ದ. ಅಧ್ಯಕ್ಷರು ನಕ್ಷೆಯನ್ನು ನಿಧಾನವಾಗಿ ಸುರುಳಿ ಸುತ್ತಿದರು. ಅದು ಸುತ್ತಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು. ಕೊನೆಗೆ ಅದನ್ನು ಕಾಲ ಬಳಿ ಇಟ್ಟು, “ಮುಂದಿನ ವಿಷಯ, ಬೀದಿದೀಪ” ಎಂದರು. ಯಾವ ಬೀದಿಗೆ ಎಷ್ಟು ದೀಪ ಎಂಬುದರ ಮೇಲೆ ಹತ್ತು ಜನರೂ ಒಟ್ಟಿಗೆ ಮಾತಾಡಲು ಶುರುಮಾಡಿದರು.

ಗುಮಾಸ್ತ ಕೂತು ನಡಾವಳಿ ಪುಸ್ತಕ ತೆರೆದ. ತಾರೀಕು ಬರೆದ. ಹಾಜರಿದ್ದವರ ಸಂಖ್ಯೆ ಬರೆದ. ಯಾಕೋ ತಲೆ ಎತ್ತಿದರೆ, ಗೋಡೆಯ ಮೇಲೆ ಆ ಕೈ ಹಾಗೇ ಇತ್ತು. ಕೆಳಗಿನಿಂದ ಆನಿಸಿದ್ದ ಎಡಗೈ ನಡುಗುತ್ತಿತ್ತು. ಇಳಿಸಿ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

“ಎಣಿಸಿದ್ದಾಯ್ತಾ ಅಣ್ಣಾ?” ಗದ್ದಲದ ನಡುವೆ ಅವಳ ದನಿ ಸಣ್ಣಗೆ ಬಂತು. “ಇಳಿಸ್ಲಾ?”

“ಆಯ್ತಮ್ಮ. ಇಳಿಸಿ. ನಿಧಾನಕ್ಕೆ.”

ಅದು ಪೂರ್ತಿ ಇಳಿದು ಆಕೆಯ ಮಡಿಲು ಸೇರುವವರೆಗೆ ಅವನು ನೋಡುತ್ತಾ ಕೂತ. ಆಮೇಲೆ ‘ವಿರೋಧ’ ಎಂಬುದರ ಮುಂದೆ ಆರು ಎಂದು ಬರೆದ, ಶಾಯಿ ಆರಲಿ ಎಂದು ಪುಸ್ತಕ ತೆರೆದೇ ಇಟ್ಟ.